ಮಂಚದ ಎದುರಿನ ಊಟ

ಕರುಮತ್ತಂಪಟ್ಟಿ
14 ಡಿಸೆಂಬರ್ 2025, ಭಾನುವಾರ ಸಂಜೆ

ಪ್ರೀತಿಯ ಅಕ್ಕನಿಗೆ,

ನಿನ್ನ ತಂಗಿ ಮಾಡುವ ನಮಸ್ಕಾರ. ಮಂಡಿನೋವು ಹೇಗಿದೆ? ಕೊಳ್ಳೇಗಾಲದಲ್ಲೂ ಹೀಗೇ ಚಳಿಯಿದ್ದರೆ ಬೆಳಗ್ಗೆ ಎದ್ದವಳೇ ತಣ್ಣೀರಿಗೆ ಕೈ ಹಾಕಬೇಡ, ಸೊಸೆಗೆ ಹೇಳಿ ಒಂದು ಚೊಂಬು ನೀರು ಕಾಯಿಸಿಕೋ. ಭಾವನ ಸಕ್ಕರೆ ಕಾಯಿಲೆ ಹತೋಟಿಗೆ ಬಂತೇ? ಫೋನು ಇರುವಾಗ ಇವಳೇಕೆ ಕಾಗದ ಬರೆಯುತ್ತಾಳೆ ಎಂದು ನೀನು ಪ್ರತಿ ಸಲವೂ ಕೇಳುತ್ತೀಯ. ಈ ಮನೆಗಿರುವುದು ಒಂದು ಕೋಣೆ, ಒಂದು ಅಡುಗೆಮನೆ. ಫೋನಿನಲ್ಲಿ ಆಡಿದ್ದೆಲ್ಲ ಇವರ ಕಿವಿಗೆ ಬೀಳುತ್ತದೆ. ಲಕ್ವ ಹೊಡೆದು ಇವರ ಬಲಭಾಗ ಹೋಗಿದೆ, ಮಾತು ಹೋಗಿದೆ, ಕಿವಿ ಮಾತ್ರ ಮೊದಲಿಗಿಂತ ಚುರುಕಾಗಿದೆ. ಕಾಗದವಾದರೆ ಮಂಚದ ಪಕ್ಕದಲ್ಲೇ ಕೂತು ಬರೆಯಬಹುದು. ತಲೆಮಾರುಗಳಿಂದ ಈ ತಮಿಳುನಾಡಿನಲ್ಲಿದ್ದೂ ಮನೆಯೊಳಗೆ ಕನ್ನಡ ಆಡಿಕೊಂಡು ಬಂದವರು, ಆದರೆ ಇವರ ಮನೆತನದಲ್ಲಿ ಒಬ್ಬರಿಗೂ ನಮ್ಮ ಅಕ್ಷರ ಓದಲು ಬಾರದು. ಈಗಲೂ ಇವರು ನನ್ನ ಪೆನ್ನನ್ನೇ ನೋಡುತ್ತಿದ್ದಾರೆ. ನೋಡಲಿ.

ಇಲ್ಲಿ ಶುಕ್ರವಾರದಿಂದ ಬಿಸಿಲಿಲ್ಲ. ಎಲ್ಲೋ ಸಮುದ್ರದಲ್ಲಿ ತೂಫಾನಂತೆ, ಇಲ್ಲಿ ಜಿನುಗು ಮಳೆ, ಮೈ ಕೊರೆಯುವ ಗಾಳಿ. ಕರೆಂಟು ಹೋಗಿ ಬೀದಿಯ ಮಗ್ಗಗಳೆಲ್ಲ ನಿಂತಿವೆ. ಇಂಥ ದಿನ ಇವರಿಗೆ ಏನು ಬೇಕಾಗಿತ್ತೆಂದು ನಿನಗೆ ಗೊತ್ತಲ್ಲ? ತರಕಾರಿ ಹಾಕಿದ ಸಜ್ಜೆ ನುಚ್ಚು. ಬೆಳಗ್ಗೆಯೇ ಸಜ್ಜೆಗೆ ನೀರು ಚಿಮುಕಿಸಿ ಕುಟ್ಟಿ, ಹೊಟ್ಟು ಕೇರಿ, ನುಚ್ಚು ಒಡೆದುಕೊಂಡೆ. ಈಗ ಮಿಕ್ಸಿಯಿದೆ, ಆದರೂ ಇದಕ್ಕೆ ಒರಳೇ ಆಗಬೇಕು. ರಾತ್ರಿ ನೆನೆದ ಹುರುಳಿಕಾಳು ಮೊದಲು ಬೇಯಬೇಕು. ಅದು ಬೆಂದ ಕಟ್ಟಿಗೇ ನುಚ್ಚು ಸುರಿದು, ಅರೆಬೆಂದಾಗ ನುಗ್ಗೆಕಾಯಿ, ಬದನೆ, ಕೊನೆಗೆ ಸಿಹಿಗುಂಬಳ. ಕುಂಬಳದ ಹೋಳನ್ನು ಕೊಟ್ಟವರು ಪಕ್ಕದ ಮನೆಯ ಕಾಮಾಕ್ಷಿಯಮ್ಮ. ಸಣ್ಣ ಈರುಳ್ಳಿ, ಬೆಳ್ಳುಳ್ಳಿ, ಮೆಣಸು, ಜೀರಿಗೆಯನ್ನು ಕಡಲೆಕಾಯಿ ಎಣ್ಣೆಯಲ್ಲಿ ಬಾಡಿಸಿ ಹಾಕಿದೆ ನೋಡು, ಕಾಮಾಕ್ಷಿಯಮ್ಮ ಅವರ ಹಿತ್ತಲಿನಿಂದಲೇ ಮೂಗೆಳೆದುಕೊಂಡರು. ‘ಸಾಪ್ಪಿಡಲಾಗದ, ಬಾಯಲ್ಲಿ ಉಣ್ಣಲಾಗದ ಗಂಡನಿಗೆ ವಾಸನೆಯಾದರೂ ಹೋಗಲಿ ಅಂತ ಅವರ ಇಷ್ಟದ್ದೇ ಮಾಡ್ತೀಯಲ್ಲ ಲೀಲಾ, ನೀ ಪುಣ್ಯವತಿ’ ಎಂದರು. ಬೀದಿಯಲ್ಲೆಲ್ಲ ಹಾಗೇ ಹೇಳುತ್ತಾರಂತೆ. ನಾನು ತಲೆ ತಗ್ಗಿಸಿದೆ. ನಗು ಬಂದಿತ್ತು.

ಅಕ್ಕ, ಈ ಊಟದ ರುಚಿ ನನಗೆ ಗೊತ್ತಾದದ್ದೇ ಇವರು ಹಾಸಿಗೆ ಹಿಡಿದ ಮೇಲೆ. ಮದುವೆಯಾಗಿ ಬಂದ ಮೊದಲ ಚಳಿಗಾಲದಲ್ಲಿ ಒಂದು ಪಾತ್ರೆ ತುಂಬ ಮಾಡಿದ್ದೆ. ಇವರು ಹೊಟ್ಟೆ ತುಂಬ ಉಂಡು, ಕೈತೊಳೆದ ನೀರನ್ನು ಪಾತ್ರೆಯಲ್ಲಿ ಉಳಿದದ್ದರ ಮೇಲೆ ಸುರಿದರು. ಕೈತಪ್ಪಿತೇನೋ ಎಂದುಕೊಂಡೆ. ಮರುದಿನವೂ ಸುರಿದರು. ‘ನಾಲಿಗೆಗೆ ರುಚಿ ಹತ್ತಿಬಿಟ್ಟರೆ ನಾಳೆಯಿಂದ ನನಗೆ ಕಡಿಮೆ ಬಡಿಸ್ತೀಯ ನೀನು’ ಎಂದರು. ಬೈಯಲಿಲ್ಲ, ಕೂಗಲಿಲ್ಲ, ತಮಾಷೆ ಮಾಡುವವರ ಹಾಗೆ ಹೇಳಿದರು. ಆಮೇಲೆ ಅದೇ ಪದ್ಧತಿಯಾಯಿತು. ನಾನು ಬೆಳಗಿನ ತಂಗಳಿಗೆ ಉಪ್ಪು ಕಲಸಿ ತಿನ್ನುತ್ತಿದ್ದೆ. ಮೊದಲೇ ಒಂದು ತುತ್ತು ತೆಗೆದಿಟ್ಟುಕೊಳ್ಳಬಾರದಾಗಿತ್ತೇ ಎಂದು ನೀನು ಕೇಳಬಹುದು. ಒಮ್ಮೆ ತೆಗೆದಿಟ್ಟಿದ್ದೆ. ಅದನ್ನು ಹುಡುಕಿ ತೆಗೆದು, ಮಗ್ಗದ ಆಳುಗಳ ಮುಂದೆ ನನ್ನ ಕೈಯಿಂದಲೇ ಚರಂಡಿಗೆ ಹಾಕಿಸಿದರು. ಇಲಕ್ಕಿಯಾ ಹೊಟ್ಟೆಯಲ್ಲಿದ್ದಾಗ ನಿನ್ನ ಮನೆಗೆ ಬಂದು ಇದನ್ನೆಲ್ಲ ಹೇಳಿಕೊಂಡು ಅತ್ತೆನಲ್ಲ, ಆಗ ನೀನು ಕೇಳಿದ್ದು ಒಂದೇ ಮಾತು, ‘ಹೊಡೆದರಾ?’ ಇಲ್ಲ ಎಂದೆ. ‘ಊಟದ ವಿಷಯಕ್ಕೆ ಯಾರಾದರೂ ಗಂಡನ್ನ ಬಿಡ್ತಾರೇನೇ, ಹುಚ್ಚಿ’ ಎಂದು ಹೊಸ ಸೀರೆ ಕೊಟ್ಟು ಸತ್ಯಮಂಗಲದ ಬಸ್ಸು ಹತ್ತಿಸಿದ್ದು ನೀನೇ. ನಿನ್ನ ಮೇಲೆ ಸಿಟ್ಟಿಲ್ಲ. ಆ ಸೀರೆ ಚೆನ್ನಾಗಿ ಬಾಳಿಕೆ ಬಂತು.

ಈಗ ಇವರ ಊಟವೆಲ್ಲ ಮೂಗಿನ ಟ್ಯೂಬಿನಲ್ಲಿ. ಸೋಸಿದ ಗಂಜಿನೀರು, ಹಾಲು, ಡಬ್ಬಿಯ ಪುಡಿ. ಹೊತ್ತುಹೊತ್ತಿಗೆ ಹಾಕುತ್ತೇನೆ, ಮೈ ಒರೆಸುತ್ತೇನೆ, ಬೆನ್ನಿನಲ್ಲಿ ಹುಣ್ಣಾಗದ ಹಾಗೆ ಮಗ್ಗುಲು ಬದಲಿಸುತ್ತೇನೆ. ಅದರಲ್ಲಿ ಯಾರೂ ಒಂದು ಕುಂದು ಹೇಳುವಂತಿಲ್ಲ. ಅದೆಲ್ಲ ಆದ ಮೇಲೆ ಮಂಚದ ಎದುರಿಗೆ ಮಣೆ ಹಾಕಿಕೊಂಡು ನಾನು ಉಣ್ಣುತ್ತೇನೆ. ಇವತ್ತೂ ಹಾಗೇ ಕೂತೆ. ನುಚ್ಚಿನ ಮೇಲೆ ತುಪ್ಪ ಬಿಟ್ಟಾಗ ಇವರ ಬಾಯಿ ತೆರೆಯಿತು. ಮರಿಹಕ್ಕಿ ತೆರೆಯುವ ಹಾಗೆ ತೆರೆದೇ ಇತ್ತು, ಎಡಗಣ್ಣಿನಿಂದ ನೀರು ದಿಂಬಿಗೆ ಇಳಿಯುತ್ತಿತ್ತು. ನಾನು ನುಗ್ಗೆಕಾಯಿಯನ್ನು ಸದ್ದಾಗುವಂತೆ ಚೀಪಿದೆ. ಇನ್ನೊಮ್ಮೆ ಬಡಿಸಿಕೊಂಡೆ. ಹಸಿವು ಮೊದಲನೆಯದಕ್ಕೇ ತೀರಿತ್ತು.

ಆ ಹೊತ್ತಿಗೆ ತಿರುಪ್ಪೂರಿನಿಂದ ಇಲಕ್ಕಿಯಾ ಬಂದಳು, ಮಳೆಯಲ್ಲಿ ತೊಯ್ದು. ಬನಿಯನ್ ಕಂಪನಿಗೆ ಭಾನುವಾರ ಮಾತ್ರ ರಜೆ, ಬಂದರೆ ಅಪ್ಪನ ಕಾಲು ಒತ್ತುತ್ತಾ ಕೂರುತ್ತಾಳೆ. ಅವಳಿಗೆ ತನ್ನ ಅಪ್ಪನ ಬೇರೆ ಮುಖ ಗೊತ್ತು. ಅವಳನ್ನು ಹೆಗಲ ಮೇಲೆ ಕೂರಿಸಿಕೊಂಡು ಸಂತೆಗೆ ಹೋಗುತ್ತಿದ್ದರು, ಅದೂ ಸುಳ್ಳಲ್ಲ. ನಾನು ತಟ್ಟೆ ತೊಳೆಯಲು ಹಿತ್ತಲಿಗೆ ಹೋದವಳು ಬರುವಷ್ಟರಲ್ಲಿ ಅವಳು ನುಚ್ಚಿನ ಕಟ್ಟಿನಲ್ಲಿ ಬೆರಳು ಅದ್ದಿ ಇವರ ನಾಲಿಗೆಗೆ ಸವರಿದ್ದಳು. ‘ಅಮ್ಮಾ, ಇಲ್ಲಿ ಪಾರು, ನೋಡು! ಅಪ್ಪ ನುಂಗ್ತಾರೆ, ಕೆಮ್ಮೇ ಬರಲಿಲ್ಲ!’ ಎಂದು ಕುಣಿದಾಡಿದಳು. ಇವರು ಎಡಗೈಯಿಂದ ಅವಳ ಮಣಿಕಟ್ಟು ಹಿಡಿದು, ಗಂಟಲಿನಿಂದ ಏನೇನೋ ಸದ್ದು ತೆಗೆಯುತ್ತಾ, ಕಣ್ಣಿನಿಂದ ನನ್ನತ್ತ ತೋರಿಸುತ್ತಿದ್ದರು. ‘ನಿನ್ನ ಅಡುಗೆ ಚೆನ್ನಾಗಿದೆ ಅಂತಾರೆ ಅಮ್ಮಾ’ ಎಂದಳು ಆ ಪೆದ್ದಿ. ನಾನು ಬಟ್ಟಲು ಕಿತ್ತುಕೊಂಡೆ. ‘ಶ್ವಾಸಕ್ಕೆ ಹೋದರೆ ನ್ಯುಮೋನಿಯ ಆಗುತ್ತೆ. ಅಪ್ಪನ್ನ ಸಾಯಿಸೋಕೆ ಬಂದೆಯಾ?’ ಎಂದು ಗದರಿದೆ. ಹುಡುಗಿ ಬೆಚ್ಚಿಬಿದ್ದಳು. ಬೆರಳನ್ನು ದುಪಟ್ಟಾಕ್ಕೆ ಒರೆಸಿಕೊಂಡು, ಇವರ ಕಾಲ ಹತ್ತಿರ ಕೂತು ಅತ್ತಳು. ಊಟವನ್ನೂ ಮಾಡದೆ ಸಂಜೆಯ ಬಸ್ಸಿಗೆ ಹೋದಳು. ಅವಳ ಮುಖ ಕಣ್ಣಿಂದ ಹೋಗುತ್ತಿಲ್ಲ ಅಕ್ಕ. ಇಡೀ ದಿನದಲ್ಲಿ ನನ್ನ ಹೊಟ್ಟೆ ಉರಿದದ್ದು ಅದೊಂದಕ್ಕೇ.

ಭಾವನಿಗೆ ನನ್ನ ನಮಸ್ಕಾರ ಹೇಳು, ಮೊಮ್ಮಕ್ಕಳಿಗೆ ಮುತ್ತು ಕೊಡು. ಮಂಡಿಗೆ ಹರಳೆಣ್ಣೆ ಬಿಸಿಮಾಡಿ ತಿಕ್ಕಿಸಿಕೋ, ಅಸಡ್ಡೆ ಮಾಡಬೇಡ. ಚೌಡೇಶ್ವರಿ ನಿಮ್ಮೆಲ್ಲರನ್ನೂ ತಣ್ಣಗಿಟ್ಟಿರಲಿ.

ನಿನ್ನ ತಂಗಿ,
ಲೀಲ

ಮರೆತಿದ್ದೆ: ಹೋದ ತಿಂಗಳು ಇವರನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದಾಗ, ಡಾಕ್ಟರು ಚಮಚದಲ್ಲಿ ನೀರು ಕುಡಿಸಿ ನೋಡಿ, ನುಂಗುವ ಶಕ್ತಿ ವಾಪಸು ಬಂದಿದೆ, ಟ್ಯೂಬು ತೆಗೆದುಬಿಡೋಣ, ಮೆತ್ತಗೆ ಬೇಯಿಸಿದ್ದನ್ನು ಬಾಯಿಗೇ ಕೊಡಮ್ಮಾ ಎಂದಿದ್ದರು. ಮಗಳನ್ನು ಕೇಳಿ ಹೇಳುತ್ತೇನೆ ಎಂದು ಹೊರಡಿಸಿಕೊಂಡು ಬಂದೆ. ಅವಳಿಗೆ ಹೇಳಿಲ್ಲ, ಯಾರಿಗೂ ಹೇಳಿಲ್ಲ. ಇವರು ಮಾತ್ರ ಅಲ್ಲೇ ಗಾಲಿಕುರ್ಚಿಯಲ್ಲಿ ಕೂತು ಎಲ್ಲ ಕೇಳಿಸಿಕೊಂಡಿದ್ದಾರೆ. ಇಲಕ್ಕಿಯಾ ಬಸ್ಸಿನಿಂದಲೇ ಫೋನು ಮಾಡಿದ್ದಳು, ಮನಸ್ಸು ತಡೆಯಲಿಲ್ಲವಂತೆ, ಅಪ್ಪ ನುಂಗುತ್ತಾರಾ ಎಂದು ನೋಡಿಸಲು ನಾಳೆ ರಜೆ ಹಾಕಿ ಒಬ್ಬ ನರ್ಸನ್ನು ಕರೆದುಕೊಂಡು ಬರುತ್ತಾಳಂತೆ. ಅವರು ಬಂದು ಸೇರುವಾಗ ಮಧ್ಯಾಹ್ನವಾಗುತ್ತದೆ. ಅಷ್ಟರೊಳಗೆ ಇನ್ನೊಂದು ಸಲ ನುಚ್ಚನ್ನು ಬಿಸಿಯಾಗಿ ಮಾಡಿ, ಮಂಚದ ಎದುರಿಗೇ ಕೂತು ಉಣ್ಣುತ್ತೇನೆ. ಅದನ್ನು ಇವರಿಗೆ ಈಗಲೇ ಹೇಳಿಬಿಟ್ಟಿದ್ದೇನೆ.