ಭೋಂಗಾದ ಶ್ರುತಿ, ಪಾಳಿಯ ಹೆಜ್ಜೆ

ಘಟಪ್ರಭೆಯ ಎಡದಂಡೆ
೩೦ ಫೆಬ್ರುವರಿ ೨೨೯೧

ಮಾನ್ಯ ಅಡಿವೆಪ್ಪ ಹೂಲಿ ಅವರಿಗೆ,

ತಾರೀಖು ತಪ್ಪಲ್ಲ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಮಿಕ್ಕ ಐದು ದಿನ ಯಾವ ತಿಂಗಳಿಗೂ ಸೇರುವುದಿಲ್ಲ. ನನ್ನ ಕೆಲವು ಮಾತುಗಳು ನಿಮಗೆ ವಿಚಿತ್ರವೆನಿಸಿದರೆ ಕ್ಷಮಿಸಿ. ನಿಮ್ಮ ಮೂರು ಸಾಲುಗಳು ನಮಗೆ ಅದಕ್ಕಿಂತ ಹೆಚ್ಚು ತೊಂದರೆ ಕೊಟ್ಟಿವೆ. ಈ ಪತ್ರ ಅವುಗಳ ಬಗ್ಗೆಯೇ.

ನಾನು ಕಸ್ತೂರೆವ್ವ, ಊರಿನ ವಾದ್ಯವೃಂದದ ಕೈಗಾರ್ತಿ. ನಲವತ್ತು ವಾದಕರ ಮುಂದೆ ನಿಂತು ಕೈಯಾಡಿಸಿ ಗತಿ ತೋರಿಸುವವರನ್ನು ನಾವು ಹಾಗೆನ್ನುತ್ತೇವೆ. ನೀವು ಸಕ್ಕರೆ ಕಾರ್ಖಾನೆಯ ಕೆಲಸಗಾರರ ಮೇಲೆ ರಚಿಸಿದ ಸಂಗೀತ ನಾಟಕವನ್ನು ನಾಳೆ ಬೆಳಗಿನ ಐದೂವರೆಗೆ ಆಡುತ್ತಿದ್ದೇವೆ. ಎಂಟರ ನಂತರ ನೆರಳುಹೊತ್ತು, ಅಂದರೆ ಬಿಸಿಲಿಗೆ ಯಾರೂ ಹೊರಗಿರಬಾರದ ಹೊತ್ತು. ಅಷ್ಟರಲ್ಲಿ ಆಟ ಮುಗಿಯಬೇಕು. ನಿಮ್ಮ ಸ್ವರಲಿಪಿ ಪೂರ್ತಿ ಸಿಕ್ಕಿದೆ. ಆದರೆ ಆರಂಭವಾದನದ ತಲೆಯ ಮೇಲೆ ನೀವು ಬರೆದಿರುವುದು ಇಷ್ಟೇ: "ಶ್ರುತಿ: ಕಾರ್ಖಾನೆಯ ಭೋಂಗಾ. ಗತಿ: ಎರಡನೇ ಪಾಳಿಗೆ ಹೋಗುವವರ ಹೆಜ್ಜೆ. ಭಾವ: ಎಲ್ಲರಿಗೂ ಗೊತ್ತಿರುವುದೇ."

ನಿಮ್ಮ ಕಾಲದಲ್ಲಿ ಎಲ್ಲರಿಗೂ ಗೊತ್ತಿದ್ದ ಈ ಮೂರೂ ನಮಗೆ ಗೊತ್ತಿಲ್ಲ. ಇಲ್ಲಿ ಕಬ್ಬು ಬೆಳೆಯುವುದು ನಿಂತು ನೂರು ವರ್ಷ ಮೀರಿದೆ. ಪ್ರತಿಯೊಬ್ಬರ ಕಿವಿಯಲ್ಲೂ ಜೋಳದ ಕಾಳಿನಷ್ಟು ಸಣ್ಣ ಕಿವಿಬೀಜ ಇರುತ್ತದೆ. ಏಳುವ ಹೊತ್ತು, ಕೆಲಸದ ಹೊತ್ತು ಎಲ್ಲವನ್ನೂ ಅದು ಅವರವರಿಗೆ ಮಾತ್ರ ಹೇಳುತ್ತದೆ. ಇಡೀ ಊರು ಒಟ್ಟಿಗೆ ಕೇಳುವ ಸದ್ದು ಎಂಬುದೇ ಇಲ್ಲ. ಒಟ್ಟಿಗೆ ನಡೆದು ಕೆಲಸಕ್ಕೆ ಹೋಗುವವರೂ ಇಲ್ಲ.

ಪಾಳಿಯ ಹೊತ್ತಿಗೆ ಊರಿಗೆಲ್ಲ ಕೇಳುವಂತೆ ಕೂಗುತ್ತಿದ್ದ ಆ ಉಗಿಯ ಸಿಳ್ಳೆ, ನಿಮ್ಮ ಭೋಂಗಾ ಮಾತ್ರ ವಸ್ತುಸಂಗ್ರಹಾಲಯದಲ್ಲಿ ಉಳಿದಿತ್ತು. ಅದರ ತಗಡಿನ ಮೇಲೆ ಕೊರೆದಿದ್ದ ಒತ್ತಡದಷ್ಟೇ ಉಗಿ ಹಾಯಿಸಿ ಕೂಗಿಸಿದೆವು. ಹಾರ್ಮೋನಿಯಂ ಇಟ್ಟು ನೋಡಿದಾಗ ಅದು ನಾಲ್ಕನೆಯ ಕರಿ ಮನೆಗೆ ನಿಂತಿತು. ಎಲ್ಲರೂ ಮುಖ್ಯ ಗಾಯಕಿ ಸಾವಂತ್ರೆವ್ವನ ಕಡೆ ನೋಡಿದರು. ಅವಳಿಗೆ ಎಪ್ಪತ್ತೆಂಟು ವರ್ಷ. ಕಳೆದ ಮಳೆಗಾಲದಲ್ಲಿ ಎದೆಬೇನೆಯಿಂದ ಮಲಗಿದ್ದಳು. ಇದೇ ಕೊನೆಯ ಆಟವೆಂದು ವೈದ್ಯರು ಹೇಳಿದ್ದಾರೆ. ನಾಟಕದಲ್ಲಿ ಅವಳು ಎರಡನೇ ಪಾಳಿಯ ಹೆಂಗಸು. ಆರಂಭವಾದನ ನಡೆಯುವಾಗಲೇ ಪ್ರೇಕ್ಷಕರ ಹಿಂದಿನಿಂದ ನೂರಾ ಹತ್ತು ಹೆಜ್ಜೆ ನಡೆದು ಬಂದು, ರಂಗದ ಮೇಲಿನ ಗೇಟು ಹಿಡಿದು, ಕೊನೆಯ ಸ್ವರದ ಮೇಲೆಯೇ ಹಾಡು ಎತ್ತಬೇಕು. ಅಷ್ಟು ಎತ್ತರದ ಶ್ರುತಿಗೆ ಅವಳ ಗಂಟಲು ಒಡೆಯುವುದು ಖಂಡಿತ. ಎರಡು ಮನೆ ಇಳಿಸೋಣ ಎಂದೆ.

"ನನ್ನ ಸಲುವಾಗಿ ಇಳಸಬ್ಯಾಡವಾ. ಬರದದ್ದು ಹೆಂಗೈತಿ ಹಂಗ ನುಡಸು. ಆಗಲಿಲ್ಲಂದ್ರ ಅಲ್ಲೇ ಕುಂದ್ರತೀನಿ" ಎಂದಳು.

ಗತಿಯ ಮೇಲೂ ಜಗಳವಿತ್ತು. ನಾನು ನಿಮಿಷಕ್ಕೆ ಎಪ್ಪತ್ತು ಹೆಜ್ಜೆ ಹಿಡಿದಿದ್ದೆ. ನಗಾರಿಯ ಮೀರಾಸಾಬ ಒಪ್ಪಲಿಲ್ಲ. "ಕೈಗಾರ್ತಿ, ನಿಮ್ಮದು ಮದವಿ ದಿಬ್ಬಣದ ನಡಗಿ ಆತು. ಪಾಳಿ ಅಂದ್ರ ಹೊಟ್ಟಿಪಾಡ್ರಿ" ಎಂದ.

"ಸುಮ್ನಿರೋ ಮೀರಾ. ನೀ ತಾಲೀಮಿಗೆ ಬರೂ ಗತಿ ಹಿಡದ್ರ ತೆರಿ ಏಳೂದು ಮುಂದಿನ ವಾರಕ್ಕ" ಎಂದಳು ಸಾವಂತ್ರೆವ್ವ. ಎಲ್ಲರೂ ನಕ್ಕರು. ನಾನು ನಗಲಿಲ್ಲ.

ಉತ್ತರಕ್ಕಾಗಿ ನಾನು ಹಳೆಯ ದಿನಪತ್ರಿಕೆಗಳನ್ನು ಹುಡುಕಿದೆ. ಸ್ವರಲಿಪಿಯ ಕೆಳಗಿರುವ ನಿಮ್ಮ ಸಹಿಯ ತಾರೀಖಿಗೆ ಹತ್ತು ದಿನ ಹಿಂದಿನ ಸಂಚಿಕೆಯ ವಾಚಕರ ಪತ್ರಗಳಲ್ಲಿ ನಿಮ್ಮ ಊರಿನವರೊಬ್ಬರು ಬರೆದಿದ್ದಾರೆ: "ತಿಂಗಳಿಂದ ಕಾರ್ಖಾನೆಯ ಬಾಯ್ಲರಿನಲ್ಲಿ ಅರ್ಧದಷ್ಟೇ ಉಗಿ ಇದ್ದು, ಭೋಂಗಾ ನಮ್ಮ ಓಣಿಗೆ ಕೇಳುತ್ತಿಲ್ಲ. ಎರಡನೇ ಪಾಳಿಯವರು ಗೇಟು ಮುಚ್ಚುವ ಹೊತ್ತಿಗೆ ಓಡುತ್ತ ಬರುವಂತಾಗಿದೆ. ಹೆಂಗಸರು ಬಿದ್ದು ಗಾಯಗೊಂಡಿದ್ದಾರೆ. ಸಂಬಂಧಪಟ್ಟವರು ಗಮನಿಸಬೇಕು."

ಉಗಿ ಅರ್ಧಕ್ಕಿಳಿಸಿ ಮತ್ತೆ ಕೂಗಿಸಿದೆವು. ಭೋಂಗಾ ಸರಿಯಾಗಿ ಎರಡು ಮನೆ ಇಳಿದು ಮೂರನೆಯ ಕರಿ ಮನೆಗೆ ನಿಂತಿತು. ಸಾವಂತ್ರೆವ್ವನ ಗಂಟಲು ಉಳಿಯಿತು. ಆದರೆ ಗಂಟಲು ಉಳಿಸಿದ ಅದೇ ಪತ್ರ ಅವಳ ಉಸಿರನ್ನು ಕಿತ್ತುಕೊಂಡಿತು. ಹೆಜ್ಜೆ ನಡಿಗೆಯದಲ್ಲ, ಓಟದ್ದು. ಮೀರಾಸಾಬ ಹೇಳಿದ್ದೇ ಸರಿ. ಅವನಿಗೂ ಸಂತೋಷವಾಗಲಿಲ್ಲ.

ಇಂದು ಬೆಳಗಿನ ತಾಲೀಮಿನಲ್ಲಿ ನಿಮಿಷಕ್ಕೆ ನೂರಾ ಐವತ್ತು ಹಿಡಿದೆವು. ಅವಳು ಸೆರಗು ಸಿಕ್ಕಿಸಿಕೊಂಡು ಬಂದಳು. ಗೇಟು ಹಿಡಿದಾಗ ಎದೆ ಏರಿಳಿಯುತ್ತಿತ್ತು. ಹಾಡಿನ ಮೊದಲ ಸಾಲು ಎರಡು ಕಡೆ ತುಂಡಾಯಿತು. ನಡುವೆ ಕೇಳಿದ್ದು ಬರೀ ಏದುಸಿರು. ಮೀರಾಸಾಬ ಕೋಲು ಕೆಳಗಿಟ್ಟ. ಗೇಟು ತೆರೆದಿದೆಯೋ ಮುಚ್ಚಿದೆಯೋ ಎಂಬ ಆ ಭಯ ನಲವತ್ತು ಜನರಿಗೂ ಒಟ್ಟಿಗೆ ತಟ್ಟಿತು. ನೀವು 'ಭಾವ' ಎಂದು ಬರೆದ ಮೂರನೆಯ ಸಾಲು ಏನೆಂದು ನಮಗೆ ತಿಳಿದದ್ದು ಆಗ.

ಅವಳು ಹತ್ತು ನಿಮಿಷ ಗೋಡೆಗೊರಗಿ ಕುಳಿತಿದ್ದಳು. ತುಟಿ ನೀಲಿಯಾಗಿತ್ತು. ನಾಳೆ ಗತಿ ತಗ್ಗಿಸುತ್ತೇನೆಂದೆ. "ಓಡಿ ಬಂದಾಕಿ ತೇಕತಾಳವಾ. ತೇಕಿದ್ದು ಕೇಳಲಿ ಬಿಡು. ಗೇಟು ಹಿಡದಾಗ ನನಗ ಮಾತ ಎಲ್ಲಿದ್ದವು? ಆ ಪಾಳಿಯಾಕಿಗೂ ಇರಲಿಕ್ಕಿಲ್ಲ" ಎಂದಳು.

ಆದ್ದರಿಂದ ನಿಮ್ಮಲ್ಲಿ ಒಂದು ವಿನಂತಿ. ಮೊದಲ ಪುಟ ಇನ್ನೂ ನಿಮ್ಮ ಮೇಜಿನ ಮೇಲಿದ್ದರೆ, ಗತಿಯ ಮುಂದೆ ಒಂದು ಅಂಕಿ ಬರೆಯಿರಿ. ನಿಜವಾದದ್ದನ್ನೇ ಬರೆಯಿರಿ, ಆದರೆ ನಿಮ್ಮ ಮನಸ್ಸಿನಲ್ಲಿ ಇದ್ದದ್ದು ಎಪ್ಪತ್ತೇ ಆಗಿದ್ದರೆ, ದಯವಿಟ್ಟು ಬರೆಯದೆ ಬಿಡಬೇಡಿ. ಅವಳು ನನ್ನ ಮಾತು ಕೇಳುವುದಿಲ್ಲ. ನಿಮ್ಮದನ್ನು ಕೇಳುತ್ತಾಳೆ.

ನೀವು ಅಲ್ಲಿ ಬರೆದರೆ ಅದು ಇಲ್ಲಿ ನಮ್ಮ ಕೈಯಲ್ಲಿರುವ ಪುಟದಲ್ಲೂ ಇರುತ್ತದೆ. ನಾಳೆ ಐದು ಗಂಟೆಗೆ ನಾನು ಆ ಪುಟವನ್ನು ಇನ್ನೊಮ್ಮೆ ತೆರೆದು ನೋಡುತ್ತೇನೆ. ಜಾಗ ಖಾಲಿಯಿದ್ದರೆ ನೂರಾ ಐವತ್ತಕ್ಕೆ ಕೈ ಎತ್ತುತ್ತೇನೆ. ಅವಳು ಓಡತೊಡಗುತ್ತಾಳೆ.

ಇತಿ,
ಕಸ್ತೂರೆವ್ವ