ಕೆಂಚನಿಗೆ ಮೂರು ತುತ್ತು

ಕುಂದಲಹಳ್ಳಿ
೧೪-೧೧-೧೯೭೮, ಮಂಗಳವಾರ

ನನ್ನ ಕಂದ ನಾಗುವಿಗೆ, ಅಪ್ಪನ ಆಶೀರ್ವಾದಗಳು.

ಹುಷಾರಾಗಿದ್ದೀಯಾ? ಕಾಲಿನ ಊತ ಇಳಿಯಿತಾ? ಐದು ತಿಂಗಳ ಬಸುರಿ, ಮಾಲೂರಿನ ಆ ಬಾವಿಯಿಂದ ಎರಡೆರಡು ಕೊಡ ಎತ್ತಬೇಡ. ಅಳಿಯಂದಿರ ಕಾಗದ ಬಂತು, ಅದರ ಮಾತು ಆಮೇಲೆ. ಮೂರನೇ ಕ್ಲಾಸಿಗೇ ಸ್ಲೇಟು ಕಿತ್ತುಕೊಂಡು ನನ್ನನ್ನು ದನದ ಹಿಂದೆ ಅಟ್ಟಿದರಲ್ಲ, ಅಕ್ಷರ ತಪ್ಪಿದ್ದರೆ ತಿದ್ದಿಕೊಂಡು ಓದು. ಮೊದಲೇ ಹೇಳಿಬಿಡುತ್ತೇನೆ, ಹೆದರಬೇಡ: ನಿನ್ನ ನಾಯಿ ಕೆಂಚ ಬದುಕಿದ್ದಾನೆ.

ನೀನು ಗಂಡನ ಮನೆಗೆ ಹೋದಾಗಿನಿಂದ ಅವನು ಬಸ್ಸು ನಿಲ್ಲುವ ಹುಣಸೆಮರದ ಕೆಳಗೇ ಕೂರುತ್ತಿದ್ದ. ಹೋದ ವಾರ ಅಲ್ಲೇ ಮಲಗಿದವನು ಏಳಲಿಲ್ಲ. ಮೈ ಕಾದ ಹೆಂಚು. ವರ್ತೂರಿನ ದನದ ಡಾಕ್ಟರು ಒಂದು ಸೀಸೆ ಔಷಧಿ, ಹತ್ತು ಮಾತ್ರೆ ಕೊಟ್ಟರು. ಹೇಗೆ ಹಾಕುವುದೆಂದು ಕೇಳಲು ನಾಚಿಕೆಯಾಯಿತು. ಜೋಡೆತ್ತಿಗೆ ಔಷಧಿ ಕುಡಿಸುತ್ತಿದ್ದ ಬಿದಿರಿನ ಗೊಟ್ಟವನ್ನೇ ಅಟ್ಟದಿಂದ ಇಳಿಸಿದೆ. ನೆನಪಿದೆಯಾ? ನೀನು ಮೂಗುದಾರ ಹಿಡಿದು ನಿಲ್ಲುತ್ತಿದ್ದೆ. ನಾನು ಗೊಟ್ಟ ತಂದರೆ ಬಸವನಿಗಿಂತ ಮೊದಲು ನೀನೇ ಆ ಅಂತ ಬಾಯಿ ತೆರೆಯುತ್ತಿದ್ದೆ.

ಹಾಗೇ ಕೆಂಚನ ಮೂತಿಯನ್ನು ಆಕಾಶಕ್ಕೆ ಮಾಡಿ ಸುರಿದೆ. ಕೆಮ್ಮಿ ಕೆಮ್ಮಿ ಕಣ್ಣು ಮೇಲೆ ಸಿಕ್ಕಿಸಿಕೊಂಡ. ಕೈಯಾರೆ ಕೊಂದೆನಲ್ಲಾ ಎಂದು ಗೊಟ್ಟ ಬಿಸಾಕಿದೆ. ಪಕ್ಕದ ಮನೆ ಮುನಿಯಕ್ಕ ಗೋಡೆಯಾಚೆಯಿಂದ, "ನಾಯಿಗೆ ಗೊಟ್ಟ ಆಕ್ತೀಯಲ್ಲಣ್ಣಾ, ನಾಳೀಕೆ ನೊಗಾನೂ ಕಟ್ಬುಡು!" ಎಂದಳು. ಅವನನ್ನು ಹೆಗಲ ಮೇಲೆ ಹಾಕಿಕೊಂಡು ಮತ್ತೆ ವರ್ತೂರಿಗೆ ಓಡಿದೆ. "ಯಜಮಾನ್ರೇ, ತಲೆ ಎತ್ತಿ ಸುರಿದ್ರೆ ಶ್ವಾಸಕ್ಕೆ ಹೋಗ್ಬಿಡುತ್ತೆ ಕಣ್ರೀ. ಮೂತಿ ನೆಟ್ಟಗಿರ್ಲಿ, ಕೆನ್ನೆ ಸಂದೀಲಿ ಚೂರುಚೂರೇ ಬಿಡಿ" ಎಂದು ಡಾಕ್ಟರು ಬೈದರು. ಮಾತ್ರೆಯಾದರೆ ನಾಲಿಗೆಯ ಬುಡಕ್ಕಿಟ್ಟು, ಬಾಯಿ ಮುಚ್ಚಿ, ಗಂಟಲು ನೀವಬೇಕಂತೆ. ಮೂಗು ನೆಕ್ಕಿಕೊಂಡರೆ ನುಂಗಿದ ಹಾಗೆ. ನಮ್ಮವನು ಮೂಗನ್ನೂ ನೆಕ್ಕಿದ, ಹಿತ್ತಲಿಗೆ ಹೋಗಿ ಮಾತ್ರೆಯನ್ನೂ ಉಗುಳಿದ. ಕೊನೆಗೆ ಕಾಪಾಡಿದ್ದು ಮುದ್ದೆ. ನಮ್ಮ ಹಾಗೆ ಅವನೂ ಮುದ್ದೆಯನ್ನು ಅಗಿಯುವುದಿಲ್ಲವಲ್ಲ, ನುಂಗುತ್ತಾನೆ. ಮೊದಲನೆಯದು ಬರೀ ತುತ್ತು, ಎರಡನೆಯದರೊಳಗೆ ಮಾತ್ರೆ, ಆಗಲೇ ಮೂರನೆಯದನ್ನು ಕಣ್ಣಿಗೆ ಹಿಡಿಯಬೇಕು. ಅದರಾಸೆಗೆ ಇದು ಗಂಟಲಿಳಿಯುತ್ತದೆ. ನಿನ್ನೆ ತಾನಾಗಿ ಎದ್ದು ಹುಣಸೆಮರದ ಕೆಳಗೆ ಹೋದ.

ನಿಮ್ಮತ್ತೆಗೆ, ಅಳಿಯಂದಿರಿಗೆ ನನ್ನ ನಮಸ್ಕಾರ ಹೇಳು. ನಮ್ಮ ಊರಮ್ಮ ನಿನ್ನ ಹೊಟ್ಟೆ ತಣ್ಣಗಿಟ್ಟಿರಲಿ.

ನಿಮ್ಮಪ್ಪ,
ಲಕ್ಷ್ಮಣಪ್ಪ

ಬರೆಯಲು ಮರೆತೆ. ಇಲ್ಲ, ಮರೆತಿರಲಿಲ್ಲ, ಕೈ ಬರಲಿಲ್ಲ. ಆಸ್ಪತ್ರೆಯವರು ಕೊಟ್ಟ ರಕ್ತದ ಮಾತ್ರೆಗಳನ್ನು ನೀನು ಬಾಳೆಯ ಬುಡಕ್ಕೆ ಹಾಕುತ್ತಿದ್ದೀಯೆಂದು ಅಳಿಯಂದಿರು ಬರೆದಿದ್ದಾರೆ. ನಿನ್ನ ತಮ್ಮ ಹೊಟ್ಟೆಯಲ್ಲಿದ್ದಾಗ ನಿಮ್ಮಮ್ಮನಿಗೂ ಅವೇ ಮಾತ್ರೆ ಕೊಟ್ಟಿದ್ದರು. ಹೆರಿಗೆಯಲ್ಲಿ ಇಬ್ಬರೂ ಹೋದ ಮೇಲೆ ಅಷ್ಟೂ ಅವಳ ಸೀರೆ ಪೆಟ್ಟಿಗೆಯಲ್ಲಿ ಸಿಕ್ಕವು. ಎತ್ತು ನುಂಗಿತೋ ಇಲ್ಲವೋ ಎಂದು ಬಗ್ಗಿ ನೋಡುತ್ತಿದ್ದವನು ಅವಳ ಬಾಯಿ ನೋಡಲಿಲ್ಲ. ಮೂರೇ ತುತ್ತು, ಕಂದ. ನಡುವಿನದರಲ್ಲಿಡು.