ಮೂವರು ಕೂತರೆ ಸಭೆ

ಅಕ್ಟೋಬರ್ 9, ಬುಧವಾರ

ಎಂದಿನಂತೆ ದನಗಳ ಹರಾಜು. ಬೆಳಗಿನಿಂದ ಸವಾಲು ಕೂಗಿಯೂ ಗಂಟಲು ಸರಿಯಿದೆ, ಮನಸ್ಸಷ್ಟೇ ಇಲ್ಲ. ಒಂದು ತಟ್ಟೆ ಪ್ಯಾನ್‌ಕೇಕಿಗೆ ತೆತ್ತದ್ದನ್ನು ಕೂಡಿಸಿದೆ: ಗೆದ್ದಿದ್ದ ಮತ ಒಂದು. ವಕೀಲರ ಮಧ್ಯಾಹ್ನ ಒಂದು. ಅಧ್ಯಕ್ಷೆಯಾದ ನನ್ನ ಮರ್ಯಾದೆ, ಅರ್ಧ. ನನ್ನ ನಾಲಗೆ, ಎರಡು ವಾರಕ್ಕೆ.

ನಡೆದದ್ದು ಇಷ್ಟು. ನಮ್ಮ ಕಮ್ಯುನಿಟಿ ಕಾಲೇಜಿಗೆ ಊರವರು ಆರಿಸಿದ ಟ್ರಸ್ಟಿಗಳು ಐವರು. ಸಂಜೆಯ ನರ್ಸಿಂಗ್ ತರಗತಿಗೆ ಹತ್ತು ಜನ ಬೇಕು, ಇರುವವರು ಒಂಬತ್ತು. ಮುಚ್ಚೋಣ ಎಂದ ಐವರಲ್ಲೊಬ್ಬನಾದ ದಂತವೈದ್ಯ ಮರ್ಲ್. ನಾನು, ರಮೋನಾ, ಥ್ಯಾಡ್ ಬೇಡವೆಂದು ಕೈಯೆತ್ತಿ ಮೂರು–ಎರಡರಲ್ಲಿ ಗೆದ್ದೆವು. ಆದರೆ ಅದರ ಹಿಂದಿನ ಶನಿವಾರ, ಅಗ್ನಿಶಾಮಕದವರ ಪ್ಯಾನ್‌ಕೇಕ್ ಉಪಾಹಾರದಲ್ಲಿ, ನಾವು ಮೂವರೂ ಒಂದೇ ಮೇಜಿಗೆ ಕೂತಿದ್ದೆವು. ಐವರಲ್ಲಿ ಮೂವರು ಕೂತು ಕಾಲೇಜಿನ ಮಾತೆತ್ತಿದರೆ ಕಾನೂನಿನ ಕಣ್ಣಿಗೆ ಅದೇ ಸಭೆ. ನೋಟಿಸ್ ಅಂಟಿಸದೆ ಸಭೆ ನಡೆಸುವಂತಿಲ್ಲ.

ನಿನ್ನೆ ಸಭೆಯಲ್ಲಿ, ಮತ ಎಣಿಸಿದೊಡನೆ ಮರ್ಲ್ ಎದ್ದು ನಿಂತ. “ಶನಿವಾರ ನಾನೂ ಪ್ಯಾನ್‌ಕೇಕಿನ ಸಿರಪ್‌ಗೆ ಸಾಲಲ್ಲಿದ್ದೆ ಕಣಮ್ಮಾ ಆರ್ಲೀನ್. ನೀವು ಮಾತಾಡ್ತಿದ್ದದ್ದು ಹವಾಮಾನಾನೋ, ನರ್ಸಿಂಗೋ?”

ಹವಾಮಾನ ಎನ್ನಬಹುದಿತ್ತು. ನಾಲಗೆ ತುದಿಗೇ ಬಂದಿತ್ತು…

“ನರ್ಸಿಂಗೇ. ಮೊದಲು ಶುರು ಮಾಡಿದವಳೂ ನಾನೇ.”

ಮತ ರದ್ದು. 22ಕ್ಕೆ ಮರುಸಭೆ. ಅಲ್ಲಿಯವರೆಗೆ ಟ್ರಸ್ಟಿಗಳು ಪರಸ್ಪರ ಈ ವಿಷಯ ಎತ್ತಬಾರದು — ವಕೀಲರ ಕಟ್ಟಪ್ಪಣೆ.

ಅಕ್ಟೋಬರ್ 12

ಡೈನರ್‌ನಲ್ಲಿ ಕಾಫಿ. ಬಡಿಸುವ ಜೊಲೀನ್ ಆ ಒಂಬತ್ತರಲ್ಲಿ ಒಬ್ಬಳು. ಒಂದೇ ಸೆಮಿಸ್ಟರ್ ಬಾಕಿ.

“ಮುಚ್ಚಿದ್ರೆ ಇನ್ನೊಂದು ಕಾಲೇಜು ತೊಂಬತ್ತು ಮೈಲಿ, ಆರ್ಲೀನ್. ನನ್ನ ಕಾರು ಚರ್ಚ್‌ಗೆ ಹೋಗೋಕೂ ದೇವ್ರು ತಳ್ಬೇಕು.”

“ಹತ್ತನೆಯವರನ್ನ ಹುಡುಕೇ.”

“ಯಾರನ್ನ ಬಿಟ್ಟಿದ್ದೀನಿ? ಹಲ್ಲಿನ ಡಾಕ್ಟ್ರನ್ನೊಬ್ರನ್ನ ಕೇಳಿಲ್ಲ, ಅಷ್ಟೇ.”

ಮೂಲೆಯ ಮೇಜಿನಲ್ಲಿ ಮರ್ಲ್‌ನ ಹೆಂಡತಿ ಗ್ವೆನ್. ಪೈ ತಿನ್ನುತ್ತಿದ್ದವಳ ಫೋರ್ಕ್ ಗಾಳಿಯಲ್ಲೇ ನಿಂತಿತು. ನನ್ನತ್ತ ನೋಡಲಿಲ್ಲ.

ಅಕ್ಟೋಬರ್ 18

ಹೈಸ್ಕೂಲ್ ಫುಟ್‌ಬಾಲ್. ಗ್ಯಾಲರಿಯಲ್ಲಿ ನನ್ನ ಪಕ್ಕ ರಮೋನಾ. ಮೆಟ್ಟಿಲು ಹತ್ತಿ ಬರುತ್ತಿದ್ದಾನೆ ಥ್ಯಾಡ್!

“ಅಲ್ಲೇ ನಿಲ್ಲೋ!”

“ಪಾಪ್‌ಕಾರ್ನ್ ಕೊಡೋಣ ಅಂತ ಬಂದೆ ಮಾರಾಯ್ತಿ!”

“ಅಲ್ಲಿಂದ್ಲೇ ಎಸಿ!”

ಎಸೆದ. ಮುಂದಿನ ಸಾಲಿನ ಪಾದ್ರಿಯ ಟೋಪಿಗೆ ಸಂದಾಯವಾಯಿತು.

ನಗು ಮನೆಯವರೆಗೂ ಬರಲಿಲ್ಲ. “ನಿಯಮ ಅಂದ್ರೆ ನಿಯಮ, ಹತ್ತು ಜನ ಇಲ್ಲ ಅಂದ್ರೆ ಇಲ್ಲ” ಎಂದು ಕ್ಷೌರದಂಗಡಿಯಲ್ಲಿ ಹೇಳಿದನಂತೆ ಥ್ಯಾಡ್. ಅವನು ಜಾರಿದರೆ ತರಗತಿ ಮುಗಿದಂತೆ. ಕುಂಟು ಹೋರಿಯನ್ನೂ ಕುಣಿಸಿ ಮಾರುವವಳು ನಾನು — ಒಬ್ಬ ಥ್ಯಾಡ್‌ನನ್ನು ಒಪ್ಪಿಸಲು ಬಾಯಿ ಬಿಡುವಂತಿಲ್ಲ.

ಅಕ್ಟೋಬರ್ 23, ಬೆಳಗ್ಗೆ 6

ಖುಷಿಗೆ ನಾಲ್ಕಕ್ಕೇ ಎದ್ದು ಕೂತಿದ್ದೇನೆ.

ನಮ್ಮ ಸಭೆಗೆ ಬರುವವರು ಸಾಮಾನ್ಯವಾಗಿ ಇಬ್ಬರು, ಅವರಲ್ಲೊಬ್ಬ ನಿದ್ದೆಗೆ. ನಿನ್ನೆ ಜಿಮ್‌ನಿಂದ ಕುರ್ಚಿ ತರಿಸಬೇಕಾಯಿತು. ಪ್ಯಾನ್‌ಕೇಕ್ ಹಗರಣ ನೋಡಲು ಊರೇ ಬಂದಿತ್ತು. ಮಾತಿಗೆ ತಲಾ ಮೂರು ನಿಮಿಷ. ಜೊಲೀನ್ ಏಪ್ರನ್‌ನಲ್ಲೇ ಬಂದು ಮಾತಾಡಿದಳು. ಥ್ಯಾಡ್ ತಲೆಯೆತ್ತಲಿಲ್ಲ. ಆಮೇಲೆ ಗ್ವೆನ್ ಎದ್ದಳು.

“ವಯಸ್ಸು ಅರವತ್ತೊಂದು. ಮದುವೆಗೆ ಮುಂಚೆ ನರ್ಸ್ ಆಗ್ಬೇಕು ಅಂತಿದ್ದೆ, ಇವ್ರ ಕ್ಲಿನಿಕ್ಕಲ್ಲಿ ರಸೀದಿ ಬರೀತಾ ಕೂತೆ. ಇವತ್ತು ಮಧ್ಯಾಹ್ನ ನರ್ಸಿಂಗ್‌ಗೆ ಸೇರ್ಕೊಂಡೆ. ಈಗ ಎಷ್ಟಾಯ್ತು ಥ್ಯಾಡ್?”

“ಗ್ವೆನ್! ನಂಗೊಂದು ಮಾತು ಹೇಳ್ಬಾರ್ದಾ?” — ಮರ್ಲ್.

“ನಂದಿನ್ನೂ ಎರಡು ನಿಮಿಷ ಇದೆ, ಸುಮ್ನಿರಿ. ಅಧ್ಯಕ್ಷರೇ, ಗಡಿಯಾರ ನೋಡ್ತಿದ್ದೀರಿ ತಾನೇ?”

ಹೆಂಡತಿ ವಿದ್ಯಾರ್ಥಿನಿಯಾದ ಮೇಲೆ ಗಂಡ ಮತ ಹಾಕುವಂತಿಲ್ಲ ಎಂದರು ವಕೀಲರು. ಮರ್ಲ್ ಕಾರಿಡಾರಿಗೆ ನಡೆದ. “ಬಾಗಿಲು ಹಾಕ್ಬೇಡ್ರಪ್ಪಾ, ಕೇಳಿಸ್ಲಿ!”

“ಹತ್ತು ಅಂದ್ರೆ ಹತ್ತು,” ಎಂದು ಎಲ್ಲರಿಗಿಂತ ಮೊದಲು ಕೈಯೆತ್ತಿದ ಥ್ಯಾಡ್. ಹೋದ ಸಲ ಮರ್ಲ್ ಕಡೆಯಿದ್ದ ಐದನೆಯವರೂ ಕೈಯೆತ್ತಿದರು. ನಾಲ್ಕು–ಸೊನ್ನೆ. ಕಾರಿಡಾರಿನಿಂದಲೂ ಚಪ್ಪಾಳೆ ಕೇಳಿತು. ಅಲ್ಲಿದ್ದವನು ಒಬ್ಬನೇ.

ಅವತ್ತು ಹವಾಮಾನ ಎಂದು ಸುಳ್ಳಾಡಿದ್ದರೆ ಒಂಬತ್ತರಲ್ಲೇ ಕುಂಟುತ್ತಿತ್ತು ತರಗತಿ.

ಲೆಕ್ಕ. ಜೊಲೀನ್‌ಗೆ: ಕೊನೆಯ ಸೆಮಿಸ್ಟರ್. ಗ್ವೆನ್‌ಗೆ: ನರ್ಸಿನ ಬಿಳಿ ಷೂ. ಥ್ಯಾಡ್‌ಗೆ: ಅವನ ನಿಯಮ. ಮರ್ಲ್‌ಗೆ: ತರಗತಿಯ ದಿನ ರಾತ್ರಿಯಡುಗೆಯ ಕೆಲಸ. ನನಗೆ: ನಾಲಗೆ ವಾಪಸ್, ಜೊತೆಗೆ ಒಂದು ಸೇಬಿನ ಪೈ — ಅದನ್ನು ಹಿಡಿದು ರಮೋನಾ, ಥ್ಯಾಡ್ ಇಬ್ಬರೂ ಬಾಗಿಲು ಬಡಿಯುತ್ತಿದ್ದಾರೆ. ಒಳಗೆ ಕರೆದರೆ ಮೂವರಾ—